ಹೊಲಿಗೆ ಕಾಕು ಕಲಿಸಿದ್ದು

ಕಳೆದ ತಿಂಗಳು ನಿಪ್ಪಾಣಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಪಕ್ಕದ ರಿಪೇರಿ ಅಂಗಡಿಯಿಂದ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ ಬಂತು. ಜೊತೆಗಿದ್ದ ತಂಗಿ ಮೂಗರಳಿಸಿ "ಕಾಕು" ಎಂದಳು. ನನಗೂ ಆಕೆಯೇ ನೆನಪಾಗಿದ್ದಳು...

ಸದಲಗಾದಲ್ಲಿ ನಮ್ಮ ಎದುರು ಮನೆಯ ಮುಂದಿನ ಖೋಲಿಯಲ್ಲಿ ಆಕೆ ಬಾಡಿಗೆಗಿದ್ದಳು. ಜಂಪರು ಹೊಲಿಯುತ್ತಿದ್ದಳು, ಓಣಿಗೆಲ್ಲ ಹೊಲಿಗೆ ಕಾಕು, ಅಂದರೆ ಚಿಕ್ಕಮ್ಮ. ಗಂಡನನ್ನು ಬಿಟ್ಟು ಬಂದವಳು ಎಂಬುದರ ಹೊರತು ಆಕೆಯ ಬಗ್ಗೆ ಯಾರಿಗೂ ಏನೂ ತಿಳಿದಿರಲಿಲ್ಲ. ದೂರ ಇಡಲು ಅಷ್ಟೇ ಸಾಕಾಗಿತ್ತು. "ಹಿಂದ ಮುಂದ ಗೊತ್ತಿಲ್ಲದಾಕಿ" ಎನ್ನುತ್ತಿದ್ದಳು ಅವ್ವ.

ತಂಗಿಗೆ ಡೌನ್ ಸಿಂಡ್ರೋಮ್. ಆ ಹೆಸರು ಡಾಕ್ಟರರ ಬಾಯಲ್ಲಿ ಮಾತ್ರ ಇತ್ತು. ಓಣಿಯ ಹುಡುಗರ ಬಾಯಲ್ಲಿ ಅವಳು 'ಯೇಡಿ', ಹುಚ್ಚಿ. ಮಾತು ತಡವಾಗಿ ಬಂದಿತ್ತು, ಶಾಲೆ ಬೇಗ ಬಿಟ್ಟುಹೋಗಿತ್ತು. ಯಾರು ಕರೆದರೂ ನಗುತ್ತ ಹೋಗಿಬಿಡುವಳು. ಅವ್ವನ ಅಂಜಿಕೆ ಅದೇ. ಅವಳಿಗೆ ಪೇಪರಮಿಂಟು ಕೊಟ್ಟ ಪ್ರತಿಯೊಂದು ಕೈಯನ್ನೂ ಅವ್ವ ಅನುಮಾನದಿಂದ ನೋಡುತ್ತಿದ್ದಳು. ಅದನ್ನು ತಪ್ಪೆನ್ನಲಾರೆ.

ದೊಡ್ಡವಳಾದ ದಿನ ತಂಗಿ ರಕ್ತ ಕಂಡು ಕಿರುಚುತ್ತ ಹಿತ್ತಲಿಗೆ ಓಡಿದಳು. ಬಟ್ಟೆ ಇಟ್ಟರೆ ಕಿತ್ತೆಸೆಯುವಳು. ತಿಂಗಳು ತಿಂಗಳೂ ಅದೇ ರಂಪ. ಊರಿಂದ ಬಂದ ಸೋದರತ್ತೆ, "ಗರ್ಭಚೀಲ ತಗಸಿಬಿಡ್ರಿ. ನಾಳೆ ಯಾರರ ಏನರ ಮಾಡಿದ್ರ?" ಎಂದಳು. ಅವ್ವ ಅತ್ತಳು, ಆಮೇಲೆ ಒಪ್ಪಿದಳು. ಕಬ್ಬಿನ ಕಟಾವು ಮುಗಿದ ಮೇಲೆ ದವಾಖಾನೆಗೆ ಹೋಗುವುದೆಂದು ಅಪ್ಪ ಹೇಳಿದ. ಕಟ್ಟೆಯ ಹೆಂಗಸರ ಮಾತಿನಲ್ಲಿ ಸುದ್ದಿ ಹೊಲಿಗೆ ಕಾಕುವಿನ ಕಿವಿಗೂ ಬಿತ್ತು.

ಅಲ್ಲಿಂದ ಶುರುವಾಯಿತು. ಮಧ್ಯಾಹ್ನ ಕಾಕು ತಂಗಿಯನ್ನು ಕರೆದು ಬಾಗಿಲು ಹಾಕಿಕೊಳ್ಳುವಳು. ಒಳಗೇನು ಮಾಡಿದಿರಿ ಎಂದರೆ ತಂಗಿ "ಹೇಳಂಗಿಲ್ಲ" ಎನ್ನುವಳು. ಹಿಂದೆಂದೂ ಏನನ್ನೂ ಮುಚ್ಚಿಟ್ಟವಳಲ್ಲ. ಒಂದು ದಿನ ಅವಳ ಲಂಗದ ನಡುವಿನಲ್ಲಿ ಸಿಕ್ಕಿಸಿಕೊಂಡಿದ್ದ ಬಟ್ಟೆಯ ತುಂಡು ಅವ್ವನ ಕೈಗೆ ಸಿಕ್ಕಿತು. ಅದರ ತುಂಬ ಕುಂಕುಮದ ಕಲೆ. ಅವ್ವ ಅದನ್ನು ಥಟ್ಟನೆ ಕೆಳಗೆ ಹಾಕಿದಳು. ಮಾಟ... ಮತ್ತೇನು!

ಅವ್ವ ನೇರವಾಗಿ ಎದುರು ಮನೆಗೆ ಹೋದಳು. "ನಮ್ಮ ಹುಡಿಗಿಗೆ ಏನ ಮಾಡಾಕತ್ತೀರಿ, ಬಾಗಿಲ ಹಾಕ್ಕೊಂಡ?"

"ಹೆಂಗಸರ ಕೆಲಸ ಕಲಸಾಕತ್ತೀನ್ರಿ ವೈನಿ," ಎಂದಳು ಕಾಕು. "ಸ್ವಲ್ಪ ದಿನ ತಡೀರಿ, ಆಕಿನ ತೋರಸ್ತಾಳ."

ಆ ಮಾತಿಗೆ ಅವ್ವ ಎಂಥ ಅರ್ಥ ಹಚ್ಚಿದಳೋ. ಅಪ್ಪ ಎದುರು ಮನೆಯ ಮಾಲಕರನ್ನು ಕಂಡುಬಂದ. ಕೆಲವೇ ದಿನಗಳಲ್ಲಿ ಕಾಕುವಿನ ಮಷೀನು ಟೆಂಪೋ ಏರಿತು. ಆಕೆ ಯಾರಿಗೂ ಬೈಯಲಿಲ್ಲ. ತಂಗಿಯ ಗಲ್ಲ ಹಿಡಿದು, ಹೆತ್ತ ಮಗುವನ್ನು ಕರೆವಂತೆ "ಮರೀಬ್ಯಾಡ ಬಾಳಾ" ಎಂದಳು. ಟೆಂಪೋದ ಹಿಂದೆ ಓಡಿದ ತಂಗಿಯನ್ನು ಅವ್ವ ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

ಮುಂದಿನ ಸಲ ಕಿರುಚಾಟವೇ ಕೇಳಲಿಲ್ಲ. ತಂಗಿ ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡಳು. ಗಾಬರಿಯಾಗಿ ಅವ್ವ ಬಾಗಿಲು ಬಡಿದರೆ ಒಳಗಿನಿಂದ "ತಡಿ" ಎಂಬ ದನಿ. ಹೊರಬಂದಾಗ ಸ್ವಚ್ಛವಾಗಿದ್ದಳು. ಒಗೆದ ಬಟ್ಟೆಯನ್ನು ಹಿಂಡಿ ಬಿಸಿಲಿಗೆ ಹಾಕಿದಳು. ಆಮೇಲೆ ತನ್ನ ಹಾಸಿಗೆಯ ಕೆಳಗಿನಿಂದ ಗುಂಡಿ ಹಚ್ಚಿದ ಮೆತ್ತನೆಯ ಪಟ್ಟಿಗಳನ್ನು ತೆಗೆದು ತೋರಿಸಿದಳು. ಕಾಕು ಹೊಲಿದುಕೊಟ್ಟವು.

"ಕುಂಕಮದ ನೀರ ಹಾಕಿ ಕಲಿಸಿದ್ಲು. ಅಂಜಬ್ಯಾಡ ಅಂದ್ಲು. ನಾ ಅಂಜಂಗಿಲ್ಲ."

ಅವ್ವ ಪಟ್ಟಿಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ದವಾಖಾನೆಯ ಮಾತು ಮತ್ತೆ ಮನೆಯಲ್ಲಿ ಏಳಲಿಲ್ಲ. ಆದರೂ ಅನುಮಾನ ಹೋಗಲಿಲ್ಲ. "ಆಕಿಗೆ ನಮ್ಮಿಂದ ಏನ ಬೇಕಾಗಿತ್ತ?" ಎಂದು ತೀರಿಕೊಳ್ಳುವವರೆಗೂ ಕೇಳುತ್ತಿದ್ದಳು. ಏನೂ ಬೇಕಿರಲಿಲ್ಲ ಎಂದು ನಂಬುವುದು ಅವಳಿಂದಾಗಲಿಲ್ಲ. ನಿಜ ಹೇಳಬೇಕೆಂದರೆ, ಕಾಕು ಯಾಕೆ ಅಷ್ಟು ಮಾಡಿದಳೆಂದು ನನಗೂ ಗೊತ್ತಿಲ್ಲ...

ಈಗ ತಂಗಿ ನನ್ನ ಜೊತೆ ಇದ್ದಾಳೆ. ಕೂದಲಲ್ಲಿ ನರೆ ಕಾಣುತ್ತಿದೆ. ಆ ಎಣ್ಣೆಯ ವಾಸನೆ ಬಂದ ದಿನದಿಂದ ಕಾಕುವನ್ನು ನೋಡಬೇಕೆಂದು ಒಂದೇ ಹಟ. ಹಳೆಯ ಮಾಲಕರ ಸೊಸೆಗೆ ಫೋನು ಮಾಡಿದೆ. ಕಾಕು ಕಾಗವಾಡದ ತನ್ನ ತಮ್ಮನ ಮನೆಗೆ ಹೋಗಿದ್ದಳಂತೆ. ಮೊನ್ನೆ ಇಬ್ಬರೂ ಹೋದೆವು.

ತಮ್ಮನ ಹೆಂಡತಿ ಅರ್ಧ ಬಾಗಿಲು ತೆರೆದು ನಿಂತಳು. "ಯಾಕ ಹುಡಕ್ಕೊಂಡ ಬಂದೀರಿ? ಜಾಗದ ವಿಷಯೇನರ ಐತೇನ್ರಿ?"

"ಇಲ್ರಿ. ನಮಗ ಭಾಳ ಉಪಕಾರ ಮಾಡ್ಯಾರ. ಭೇಟಿ ಆಗೂಣಂತ..."

"ಅವರು ತೀರ್ಕೊಂಡ ಭಾಳ ದಿನ ಆತ್ರಿ."

ಹೇಳುತ್ತಲೇ ಆಕೆ ತಂಗಿಯನ್ನು ಮೇಲಿಂದ ಕೆಳಗೆ ಅಳೆದಳು. ತಂಗಿಯೂ ಆಕೆಯನ್ನೇ ನೋಡಿದಳು.

"ನೀವು ಅತ್ರೇನ್ರಿ?"

ತಂಗಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ದನಿ ತೆಗೆದು ಅತ್ತಳು. ಬೆನ್ನು ಸವರುತ್ತ ನಾನೂ ಕುಳಿತೆ. ಆ ಹೆಂಗಸು ಕದ ಹಿಡಿದುಕೊಂಡೇ ನಿಂತಿದ್ದಳು, ಅಳು ಮುಗಿಸಿದ ಮೇಲೆ ನಾವು ಏನನ್ನೋ ಕೇಳಿಯೇ ಕೇಳುತ್ತೇವೆ ಎಂಬಂತೆ.