ಗುಡ್ಡದ ಪಡಕ್ಕೆ ಕೊನೆಯ ಏಪ್ರಿಲ್ ಚಾಟ್ನಿ

ಹೈದರಾಬಾದಿನ ನಾಚಾರಂ ದಾಟಿ ಇನ್ನೂ ಮುಂದೆ ಹೋದರೆ, ಈಗ ಹದಿನೆಂಟು ಮಹಡಿಯ ಕಟ್ಟಡಗಳು ಎದ್ದಿರುವ ಕಡೆ, ಒಂದು ಬಂಡೆಗಲ್ಲಿನ ಗುಡ್ಡವಿತ್ತು. ಅದರ ಇಳಿಜಾರಿನ ತುಂಬ ದ್ರಾಕ್ಷಿ ತೋಟ. ನಮ್ಮಪ್ಪ ಅಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದ. ವಿಜಯಪುರದ ಕಡೆಯವನು, ತೋಟ ಅನ್ನುವುದಿಲ್ಲ, ‘ಪಡ’ ಅನ್ನುತ್ತಾನೆ. ಹೈದರಾಬಾದೆಂದರೆ ಬಿರಿಯಾನಿ, ಮುತ್ತು ಎಂದು ಶುರು ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದ್ರಾಕ್ಷಿ ಇತ್ತು ರೀ ಈ ಊರಿನ ಸುತ್ತ! ನಾನು ಬಾಡಿಗೆಗಿರುವ ಕೂಕಟ್‌ಪಲ್ಲಿಯ ಫ್ಲ್ಯಾಟಿನ ಜಾಗದಲ್ಲೂ ಒಂದು ಕಾಲಕ್ಕೆ ಚಪ್ಪರವಿತ್ತೆಂದು ಕೆಳಗಿನ ಕಿರಾಣಿ ಅಂಗಡಿಯ ಮುದುಕ ಹೇಳುತ್ತಾನೆ. ಅವನನ್ನು ಬಿಟ್ಟರೆ ಯಾರಿಗೂ ಅದು ಬೇಕಾಗಿಲ್ಲ.

ನಮ್ಮ ಗುಡ್ಡಕ್ಕೆ ಹೆಸರು ಬಂದದ್ದು ಅದರ ನೆತ್ತಿಯಿಂದ. ಕೆಳಗೆ ಕೆರೆಯ ಗೋಡು ತಂದು ಹಾಕಿದ ಕಪ್ಪು ಮಣ್ಣು. ಅಲ್ಲಿ ಅನಾಬ್-ಎ-ಶಾಹಿ, ಉದ್ದನೆಯ ಬಿಳಿ ಹಣ್ಣು, ನೋಡಲು ಚೆಂದ, ತಿಂದರೆ ನೀರು. ಮೇಲೆ ಬರೀ ಕೆಂಪು ಮೊರಂ ಮಣ್ಣು, ಕೈಗೆ ಹಿಡಿದರೆ ಹರಳು ಹರಳು. ಬಿದ್ದ ಮಳೆನೀರು ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಹಗಲೆಲ್ಲ ಕಾದ ಬಂಡೆ ಸಂಜೆಯಾದರೂ ಬಿಸಿಯಾಗಿರುತ್ತಿತ್ತು. ಆ ಬಂಡೆಗಳ ಸಂದಿಯಲ್ಲಿ ಮಾಲೀಕರ ಅಜ್ಜ ಎಲ್ಲಿಂದಲೋ ತಂದು ನೆಟ್ಟ ಕಪ್ಪು ಬಳ್ಳಿಗಳಿದ್ದವು. ಅವುಗಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಗೊನೆಗೆ ತೂಕವೇ ಇಲ್ಲ. ಆದರೆ ವೈನ್ ಮಾಡುವವರು ಕೆಳಗಿನದ್ದನ್ನು ಕಣ್ಣೆತ್ತಿಯೂ ನೋಡದೆ ಅದಕ್ಕಾಗಿ ಗುಡ್ಡ ಹತ್ತಿ ಬರುತ್ತಿದ್ದರು. ಅಪ್ಪ ಹಣ್ಣು ಬಾಯಿಗೆ ಹಾಕಿ ಬೀಜ ಕಡಿಯುತ್ತಿದ್ದ. ಬೀಜ ಕಂದು ಬಣ್ಣಕ್ಕೆ ತಿರುಗಿ ಕಟ್ ಎಂದರೆ ಮಾತ್ರ ಕೊಯ್ಲು. “ಇನ್ನೂ ನಾಕ್ ದಿನ ತಡೀರಿ,” ಎಂದರೆ ಕಾರಿನಲ್ಲಿ ಬಂದ ದೊಡ್ಡ ಮನುಷ್ಯರೂ ತೆಪ್ಪಗೆ ವಾಪಸು ಹೋಗುತ್ತಿದ್ದರು. ಒಂದು ಹನಿಯೂ ಕುಡಿಯದ ಮನುಷ್ಯ, ಆ ವೈನಿನ ರುಚಿ ಹೇಗಿತ್ತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಮುದುಕ ಮಾಲೀಕರು ತೀರಿಕೊಂಡ ಮೇಲೆ ಮಕ್ಕಳು ಗುಡ್ಡವನ್ನು ಬಿಲ್ಡರನಿಗೆ ಮಾರಿ ಕೈ ತೊಳೆದುಕೊಂಡರು. ಅದೇ ವರ್ಷ ಮಾರ್ಚಿನಲ್ಲಿ ವಿಜಯಪುರದ ಹತ್ತಿರದ ತಿಕೋಟಾದ ಒಂದು ದೊಡ್ಡ ಪಡದಿಂದ ಅಪ್ಪನಿಗೆ ಕರೆ ಬಂತು. ಮೇಸ್ತ್ರಿ ಕೆಲಸ, ಇರಲು ಮನೆ, ತನ್ನ ಭಾಷೆಯ ಜನ. ಅಪ್ಪ ಟ್ರಂಕು ಒರೆಸಿ ಇಟ್ಟಿದ್ದ.

ಅಷ್ಟರಲ್ಲಿ ಬಿಲ್ಡರನ ಮ್ಯಾನೇಜರು ಬಂದು, ಏಪ್ರಿಲ್ ಚಾಟ್ನಿ ಎಂದಿನಂತೆ ಮಾಡಿಸಿ ಎಂದ. ಬಳ್ಳಿ ಸವರುವುದಕ್ಕೆ ನಮ್ಮ ಕಡೆ ಚಾಟ್ನಿ ಅನ್ನುತ್ತಾರೆ. ವರ್ಷಕ್ಕೆ ಎರಡು ಸಲ. ಏಪ್ರಿಲಿನಲ್ಲಿ ಬಳ್ಳಿಯನ್ನು ಬೋಳು ಮಾಡುವುದು, ಮುಂದೆ ಹಣ್ಣು ಹಿಡಿಯುವ ಕಡ್ಡಿ ಬೆಳೆಯಲಿ ಎಂದು. ಅಕ್ಟೋಬರಿನಲ್ಲಿ ಮತ್ತೆ ಸವರಿದರೆ ಆಗ ಹೂವು, ಹಣ್ಣು. ಅಂದರೆ ಏಪ್ರಿಲಿನ ಕೆಲಸಕ್ಕೆ ಆಗ ಫಲವೇ ಇಲ್ಲ. ಅಕ್ಟೋಬರ್ ಚಾಟ್ನಿ ಮಾಡುವ ಮನಸ್ಸಿಲ್ಲದವನು ಏಪ್ರಿಲಿನಲ್ಲಿ ಕತ್ತರಿ ಹಿಡಿಯುವುದಿಲ್ಲ. ನಮ್ಮವರಲ್ಲಿ ಅದು ಕೊಟ್ಟ ಮಾತಿದ್ದಂತೆ.

“ನೋಡಪ್ಪಾ, ಚಾಟ್ನಿ ಮಾಡಸಾಕತ್ತಾರ ಅಂದ್ರ ಪಡ ಉಳಸ್ತಾರ ಅಂತನ ಅರ್ಥ,” ಎಂದೆ ನಾನು. “ಕಡದು ಒಗಿಯೂ ಬಳ್ಳಿಗೆ ಯಾವ ಹುಚ್ಚ ಏಪ್ರಿಲ್ ಚಾಟ್ನಿ ಮಾಡಸ್ತಾನ?”

“ಹಂಗಂತಿ?” ಅಪ್ಪ ಒರೆಸಿಟ್ಟ ಟ್ರಂಕಿನ ಕಡೆ ನೋಡಿದ. “ಹಂಗಂದ್ರ ತಿಕೋಟಾದವರಿಗೆ ಬರೂದಿಲ್ಲ ಅಂತ ಹೇಳ್ಲೇನವ್ವ?”

“ಹೇಳು,” ಎಂದೆ.

ನನ್ನ ಬಾಯಿಗೆ ಹುಳ ಬೀಳಲಿ. ನಿಜ ಹೇಳಿಬಿಡುತ್ತೇನೆ, ಆಗ ನನಗೆ ಪಡದ ಚಿಂತೆ ಇರಲಿಲ್ಲ. ನಾನು ಕೆಲಸಕ್ಕೆ ಹೋದರೆ ನನ್ನ ಕೂಸನ್ನು ನೋಡಿಕೊಳ್ಳುತ್ತಿದ್ದವಳು ಅವ್ವ. ಅಪ್ಪ ತಿಕೋಟಾಕ್ಕೆ ಹೋದರೆ ಅವ್ವನೂ ಹೋಗುತ್ತಿದ್ದಳು. ಅದಕ್ಕೇ ಆ ಚಾಟ್ನಿಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅಪ್ಪ ಆ ವರ್ಷ ಚಾಟ್ನಿ ಮಾಡಿದ್ದನ್ನು ನೀವು ನೋಡಬೇಕಿತ್ತು. ಮದುವೆ ಮನೆಯ ಕೆಲಸ ಮಾಡುವವನ ಹುರುಪು. ಜೂನ್ ಹೊತ್ತಿಗೆ ಗುಡ್ಡವೆಲ್ಲ ಹಸಿರು. ಆಗ ಕ್ಯಾಮೆರಾದವರು ಬಂದರು. ಚಪ್ಪರದ ಕೆಳಗೆ ಕುರ್ಚಿ ಮೇಜು ಹಾಕಿ, ಯಾರನ್ನೋ ಗಂಡ ಹೆಂಡತಿಯಂತೆ ನಿಲ್ಲಿಸಿ, ಕೈಗೆ ವೈನಿನ ಗ್ಲಾಸು ಕೊಟ್ಟು ಎರಡು ದಿನ ಚಿತ್ರ ತೆಗೆದರು. ಅಪ್ಪನೇ ಅವರಿಗೆ ಚಹಾ ತರಿಸಿಕೊಟ್ಟ. ಮುಂದಿನ ತಿಂಗಳು ಮೆಟ್ರೊ ಸ್ಟೇಷನ್ನಿನ ಎದುರಿಗೆ ಮಾಳಿಗೆಯಷ್ಟು ದೊಡ್ಡ ಬೋರ್ಡಿನಲ್ಲಿ ಆ ಹಸಿರು ಕಂಡಿತು. ದ್ರಾಕ್ಷಿ ತೋಟದ ಮಡಿಲಲ್ಲಿ ನಿಮ್ಮ ಮನೆ ಎಂದು ಬರೆದಿತ್ತು. ಚಾಟ್ನಿ ಮಾಡಿಸಿದ್ದು ಇದಕ್ಕೆ! ಸೆಪ್ಟೆಂಬರಿನಲ್ಲಿ ನೆತ್ತಿಯ ಬಂಡೆಗಳಿಗೆ ಸಿಡಿಮದ್ದು ಇಟ್ಟರು. ಆ ಕಪ್ಪು ಬಳ್ಳಿಗಳ ಒಂದು ಕಡ್ಡಿಯೂ ಉಳಿಯಲಿಲ್ಲ. ತಿಕೋಟಾದವರು ಅಷ್ಟರಲ್ಲಿ ಬೇರೆ ಮೇಸ್ತ್ರಿಯನ್ನು ಹುಡುಕಿಕೊಂಡಿದ್ದರು.

ಹೊಸ ಕಟ್ಟಡಗಳ ಗೇಟಿನ ಪಕ್ಕ, ಕೆಳಗಿನ ಬಿಳಿ ಜಾತಿಯ ಆರು ಬಳ್ಳಿಗಳನ್ನು ಅಲಂಕಾರಕ್ಕೆಂದು ಬಿಟ್ಟು, ಅವಕ್ಕೆ ನೀರು ಹಾಕಲು ಅಪ್ಪನನ್ನೇ ಇಟ್ಟುಕೊಂಡರು. ಕತ್ತರಿ ಮಾತ್ರ ಮುಟ್ಟಿಸಕೂಡದು. ಚಾಟ್ನಿ ಮಾಡಿದರೆ ಎಲೆ ಇರುವುದಿಲ್ಲ, ಮನೆ ನೋಡಲು ಬಂದವರಿಗೆ ಬೋಳು ಕಾಣುತ್ತದೆ ಎಂದು. ಮೂರು ವರ್ಷ ಬಳ್ಳಿ ಹುಚ್ಚುಹುಚ್ಚಾಗಿ ಹಬ್ಬಿತು. ಹಣ್ಣಿಲ್ಲ, ಬರೀ ಎಲೆ. ಅಪ್ಪ ಒಮ್ಮೆಯೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಕಳೆದ ಅಕ್ಟೋಬರಿನಲ್ಲಿ ನನಗೆ ತಡೆಯಲಾಗಲಿಲ್ಲ. ಮ್ಯಾನೇಜರನ ಆಫೀಸಿಗೆ ನುಗ್ಗಿ ತೆಲುಗು, ಹಿಂದಿ, ಬಾಯಿಗೆ ಬಂದ ಭಾಷೆಯಲ್ಲೆಲ್ಲ ಜಗಳ ಕಾಯ್ದೆ. ಅವನು ಬೇಸತ್ತು, ಏನಾದರೂ ಮಾಡಿಕೊಳ್ಳಿ ಹೋಗಿ ಎಂದ. ಗೆದ್ದವಳಂತೆ ಓಡಿ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಒಳಗೆ ಹೋಗಿ ಕತ್ತರಿ ತಂದ.

ಒಂದು ಕಡ್ಡಿ ಹಿಡಿದು ಕತ್ತರಿ ಇಟ್ಟ. ತೆಗೆದ. ಇನ್ನೂ ಸ್ವಲ್ಪ ಮೇಲೆ ಇಟ್ಟ. ಮತ್ತೆ ತೆಗೆದ. ಕಡ್ಡಿಯ ಗೆಣ್ಣುಗೆಣ್ಣಿಗೂ ಚಿಗುರೊಡೆಯುವ ಕಣ್ಣುಗಳಿರುತ್ತವೆ, ಅವನ್ನು ಎಣಿಸಿ ಕಡಿಯಬೇಕು, ಹೆಚ್ಚುಕಡಿಮೆಯಾದರೆ ಆ ವರ್ಷದ ಹಣ್ಣು ಹೋಯಿತು. ಆಳುಗಳ ಜೊತೆ ಹರಟೆ ಹೊಡೆಯುತ್ತಲೇ ಕೈಯಲ್ಲಿ ಎಣಿಸುತ್ತಿದ್ದವನು, ಈಗ ಬೆರಳು ಊರಿ ಒಂದೊಂದೇ ಕಣ್ಣು ಮುಟ್ಟುತ್ತಾ ಹೋಗಿ, ನಡುವೆ ನಿಂತು, ಮತ್ತೆ ಬುಡದಿಂದ ಶುರು ಮಾಡಿದ.

ಆಮೇಲೆ ನನ್ನ ಕಡೆ ತಿರುಗಿದ. “ತಿಳೀವಲ್ದವ್ವ,” ಎಂದ. “ಎಷ್ಟನೇ ಕಣ್ಣಿಗೆ ಕಡೀಲಿ, ನೀನ ಹೇಳು.”