ಬಿದಿರು ಸೈಕಲ್ಲಿನ ಹುಡಿ

ಹುಡಿಯ ಬಗ್ಗೆ ಮೊದಲು ಬಾಯಿಬಿಟ್ಟು ಹೇಳಿದ್ದು ನನ್ನ ಹೆಂಡತಿ. ಶಿರಸಿಯ ನಮ್ಮ ಬಾಡಿಗೆ ಮನೆಯ ವರಾಂಡದಲ್ಲಿ ನನ್ನ ಬಿದಿರು ಸೈಕಲ್ ನಿಂತಿರುತ್ತಿತ್ತು. ಬೆಳಿಗ್ಗೆ ಗುಡಿಸಲು ಬಂದವಳು ಅದರ ಕೆಳಗೆ, ಹ್ಯಾಂಡಲ್ಲಿನ ನೇರಕ್ಕೆ, ಚಿಟಿಕೆಯಷ್ಟು ಬಿದ್ದಿದ್ದ ಬೆಳ್ಳಗಿನ ಹುಡಿಯನ್ನು ನೋಡಿ ಪೊರಕೆ ನಿಲ್ಲಿಸಿದಳು.

"ಇದೆಂತ ಹುಡಿ? ಸೈಕಲ್ಲಿಗೆ ಕುಟ್ಟೆ ಹಿಡದ್ದು ಕಾಣ್ತು, ನೋಡಿ."

"ಎಂತದೂ ಅಲ್ಲ. ಗೋಡೆ ಸುಣ್ಣ ಉದುರಿದ್ದು."

"ಗೋಡೆ ಅಲ್ಲಿದ್ದು, ಹುಡಿ ಇಲ್ಲಿದ್ದು. ಸುಣ್ಣ ಹಾರಿ ಬಂತಾ?" ಎಂದು ನಕ್ಕು ಗುಡಿಸಿಕೊಂಡು ಹೋದಳು.

ನಾನು ಪಿಯು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಬಿದಿರಿನೊಳಗಿನ ಪಿಷ್ಟಕ್ಕೆ ಆಸೆಪಟ್ಟು ಕುಟ್ಟೆ ಹುಳು ಹೇಗೆ ಒಳಗೇ ಸುರಂಗ ಕೊರೆಯುತ್ತದೆ, ಹೊರಗಿನ ಸಿಪ್ಪೆ ನುಣುಪಾಗಿ ಹೊಳೆಯುತ್ತಿರುವಾಗಲೇ ಒಳಗಿನದೆಲ್ಲ ಹೇಗೆ ಹಿಟ್ಟಾಗಿರುತ್ತದೆ ಎಂಬುದನ್ನು ಹಲಗೆಯ ಮೇಲೆ ಬರೆದು ತೋರಿಸಿದವನು. ಹೆಂಡತಿ ಹೇಳುವುದಕ್ಕೆ ಎರಡು ದಿನ ಮೊದಲೇ ಅದು ನನಗೆ ಗೊತ್ತಾಗಿತ್ತು. ಮರುದಿನದಿಂದ ಅವಳಿಗಿಂತ ಮುಂಚೆ ಎದ್ದು, ಹಳೆಯ ಬನಿಯನ್ನಿನ ತುಂಡಿನಿಂದ ಹುಡಿಯನ್ನು ಒರೆಸತೊಡಗಿದೆ. ಬಿದಿರಿನ ಮೇಲಿನ ಸಾಸಿವೆಯಷ್ಟು ತೂತುಗಳಿಗೆ ಮೇಣ ತುಂಬಿದೆ.

ಆ ಸೈಕಲ್ಲನ್ನು ಮಾಡಿಕೊಟ್ಟವರು ಇಡಗುಂದಿ ಕಡೆಯ ವಯಸ್ಸಾದ ಕೆಲಸಗಾರರೊಬ್ಬರು. ಒಂದೊಂದು ಬಿದಿರನ್ನೂ ಕೈಯಲ್ಲಿ ತೂಗಿ ಆರಿಸಿ, ಸೇರುವ ಕಡೆಗಳಿಗೆ ನಾರು ಸುತ್ತಿ, ಅಂಟು ಕುಡಿಸಿ, ಒಣಗಿಸಿ ಉಜ್ಜಿದ್ದರು. ಮಾಡುವ ಮೊದಲೇ ಅವರು ನನಗೆ ಹೇಳಿದ್ದರು: "ಕಡದ ಬಿದಿರು ಹೊಳೆ ನೀರಲ್ಲಿ ಮುಳುಗಿ ಕೊಳೀಬೇಕು ಸರ್. ಆಮೇಲೆ ನೆರಳಲ್ಲಿ ಒಣಗ್ಬೇಕು. ಇಲ್ಲಾಂದ್ರೆ ಹುಳ ಬಿಡೂದಿಲ್ಲ. ಮುಂದಿನ ವರ್ಷ ಕೊಡ್ತೆ."

ನನಗೆ ಮುಂದಿನ ವರ್ಷ ಬೇಕಿರಲಿಲ್ಲ. ನಮ್ಮ ಭಾನುವಾರದ ಸೈಕಲ್ ಗುಂಪಿನಲ್ಲಿ ಎಲ್ಲರ ಬಳಿಯೂ ಕೈಯಿಂದ ಮಾಡಿದ ಒಂದೊಂದು ಸೈಕಲ್ ಬಂದಾಗಿತ್ತು. ನಾನೊಬ್ಬನೇ ಅಂಗಡಿಯ ಸೈಕಲ್ಲಿನವನು. ಇದ್ದ ಬಿದಿರಿನಲ್ಲೇ ಮಾಡಿಕೊಡಿ ಎಂದು ಅವರ ಬೆನ್ನು ಬಿದ್ದೆ. ಕೊನೆಗೆ ಒಪ್ಪಿ, "ಹುಡಿ ಕಂಡ್ರೆ ಹತ್ತಬೇಡಿ ಮತ್ತೆ. ತಂದು ಬಿಡಿ, ಆ ಬಿದಿರು ತೆಗ್ದು ಬೇರೆ ಹಾಕಿಕೊಡ್ತೆ" ಎಂದರು.

ಗುಂಪಿನವರಿಗೆ ನಾನು ಹೇಳಿದ್ದು ಬೇರೆ. ಬಿದಿರು ಆರು ತಿಂಗಳು ಶಾಲ್ಮಲೆಯಲ್ಲಿ ಮುಳುಗಿತ್ತು ಎಂದೆ. ಹೊಳೆಯ ಹೆಸರು ಸೇರಿಸಿದ್ದು ಚಂದಕ್ಕೆ. ಸೈಕಲ್ಲನ್ನು ರಿಪೇರಿಗೆ ಬಿಟ್ಟರೆ ಆ ಸುಳ್ಳು ಹೊರಬೀಳುತ್ತಿತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಐದಾರು ಜನ ಸೇರುತ್ತಿದ್ದ ಆ ಭಾನುವಾರಗಳನ್ನು ಈಗ ನೆನೆದರೆ ಅಸಹ್ಯವಾಗುತ್ತದೆ. ಚಾದ ಅಂಗಡಿಯ ಮುಂದೆ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಬೆಸುಗೆಯೊಂದರ ಮುಂದೆ ಮಂಡಿಯೂರಿ, ಮೊಬೈಲಿನ ದೀಪ ಹಿಡಿದು, ನೆಲಕ್ಕೆ ಕುಂಡೆ ತಾಗಿಸಿ ಕೂತು ಜೊಲ್ಲು ಸುರಿಸುತ್ತಿದ್ದೆವು. ಬನವಾಸಿ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರಂತೂ ನನ್ನ ಬಿದಿರನ್ನು ಹಸುವಿನ ಕುತ್ತಿಗೆ ಸವರಿದ ಹಾಗೆ ಸವರುತ್ತಿದ್ದರು. "ಏನ್ ಛಂದ ಐತ್ರಿ ಸರ! ಕೈಲೆ ಮಾಡಿದ್ದಂದ್ರ ಕೈಲೆ ಮಾಡಿದ್ದು. ಸರೀರಿ ಒಂಚೂರು, ಫೋಟೋ ತಗೋತೀನಿ. ನೀವಲ್ರಿ, ಸೈಕಲ್ಲು!" ಎಲ್ಲರೂ ನಗುತ್ತಿದ್ದೆವು. ನಾನೂ ನಗುತ್ತಿದ್ದೆ, ಹುಡಿ ಎಲ್ಲಿಂದಲಾದರೂ ಉದುರುತ್ತಿದೆಯೇ ಎಂದು ಕಣ್ಣಿನ ತುದಿಯಲ್ಲಿ ನೋಡುತ್ತ.

ನಮ್ಮಲ್ಲೊಂದು ಪದ್ಧತಿ ಇತ್ತು. ಏರು ಮುಗಿದ ಮೇಲೆ, ಇಳಿಯುವ ಮೊದಲು ಸೈಕಲ್ಲುಗಳನ್ನು ಅದಲುಬದಲು ಮಾಡಿಕೊಳ್ಳುವುದು. ಸೈಕಲ್ಲಿನ ಗುಣ ಇಳಿಜಾರಿನಲ್ಲಿ ಗೊತ್ತಾಗುತ್ತದೆ ಎಂದು ನಂಬಿದ್ದೆವು. ಆದರೆ ತನ್ನದನ್ನು ಬಿಟ್ಟುಕೊಡಲು ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದರು. ಹುಡಿ ಕಂಡ ವಾರದಿಂದ ನಾನು ಮಾತ್ರ ಮುಂದೆ ಬಂದು ಕೊಡತೊಡಗಿದೆ. ಮೊದಲ ವಾರ ವ್ಯಾಪಾರಿಗೆ, ಮರುವಾರ ಯಲ್ಲಾಪುರದವರಿಗೆ. ಏನೂ ಆಗಲಿಲ್ಲ. ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಇಳಿಜಾರಿಗೆ ನಾನು ಅದರ ಮೇಲೆ ಕೂರಲಿಲ್ಲ.

ಮೂರನೆಯ ವಾರ ನನ್ನ ಕಾಲೇಜು ದಿನಗಳ ಗೆಳೆಯ ಬಂದಿದ್ದ. ಸಿದ್ದಾಪುರದ ಹೈಸ್ಕೂಲೊಂದರಲ್ಲಿ ಮಾಸ್ತರ. ಪುಣೆ ಕಡೆಯ ಕುಶಲಕರ್ಮಿಯೊಬ್ಬರು ಉಕ್ಕಿನ ಕೊಳವೆಗಳನ್ನು ಹಿತ್ತಾಳೆಯಿಂದ ಬೆಸೆದು ಮಾಡಿದ ಸೈಕಲ್ಲಿಗೆ ಎರಡು ವರ್ಷ ಕಾದು ಕೂತವನು. ಶನಿವಾರವೇ ಬಂದು ನಮ್ಮಲ್ಲಿ ಉಳಿದಿದ್ದ. ಭಾನುವಾರ ಅವನು ಹಲ್ಲುಜ್ಜುತ್ತಿದ್ದಾಗ ನಾನು ವರಾಂಡದಲ್ಲಿ ಹುಡಿ ಒರೆಸಿದೆ. ಆ ದಿನ ಅದು ಚಿಟಿಕೆಯಷ್ಟಿರಲಿಲ್ಲ, ಚಮಚದಷ್ಟಿತ್ತು.

ಭೈರುಂಬೆ ದಾಟಿ, ಹೊಳೆಯ ಕಡೆಗೆ ರಸ್ತೆ ಇಳಿಯುವಲ್ಲಿ ನಿಂತೆವು. ನಾನು ಬಿದಿರು ಸೈಕಲ್ಲನ್ನು ಅವನ ಕಡೆ ತಳ್ಳಿದೆ.

"ನೀನೇ ಇಳಸು. ಆನು ನಿಂದು ತಗಳ್ತೆ."

"ಹೊಸಾ ಹೆಂಡತಿ ಹಾಂಗೆ ಇಟ್ಗಂಡ ಸೈಕಲ್ಲು, ಯಂಗೆ ಕೊಡ್ತ್ಯಾ? ಎಂತ ದೊಡ್ಡ ಮನಸ್ಸು ಮಾರಾಯಾ ನಿಂದು!"

ಅವನು ಮುಂದೆ, ನಾನು ಹಿಂದೆ. ಇನ್ನುಳಿದದ್ದು ಕೆಲವೇ ಕ್ಷಣಗಳ ಮಾತು, ಆದರೆ ನಾನು ಅದನ್ನು ದಿನಕ್ಕೆ ಎಷ್ಟು ಸಲ ನೋಡುತ್ತೇನೋ ಲೆಕ್ಕವಿಲ್ಲ. ತಿರುವಿನಲ್ಲಿ ಅವನು ಬ್ರೇಕ್ ಹಿಡಿದ. ಒಣಗಿದ ಕೊಬ್ಬರಿ ಗಿಟುಕು ಒಡೆದಂಥ ಸದ್ದು. ಹ್ಯಾಂಡಲ್ಲಿನಿಂದ ಪೆಡಲ್ಲಿಗೆ ಇಳಿಯುವ ಓರೆ ಬಿದಿರು ಮುರಿದು ಸೈಕಲ್ ನಡುವೆಯೇ ಮಡಚಿಕೊಂಡಿತು. ಅವನು ಹ್ಯಾಂಡಲ್ಲಿನ ಮೇಲಿಂದ ಹಾರಿ ರಸ್ತೆಯ ಆ ಬದಿಗೆ ಬಿದ್ದು ಜಾರಿದ. ಎದುರಿನಿಂದ ಬಸ್ಸು ಏರಿ ಬರುತ್ತಿತ್ತು. ಅದರ ಬ್ರೇಕಿನ ಕಿರುಚಾಟ, ಸುಟ್ಟ ರಬ್ಬರಿನ ವಾಸನೆ. ಬಸ್ಸಿನ ಮುಂದಿನ ಚಕ್ರ ಅವನ ತಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಒಂದು ಮೊಳ. ಕೈ ಚಾಚಿದರೆ ಮುಟ್ಟಬಹುದಿತ್ತು.

ನಾನು ಸೈಕಲ್ಲಿನಿಂದ ಇಳಿದೆ. ಓಡಿದೆ. ಓಡಿದ್ದು ಅವನ ಬಳಿಗಲ್ಲ. ಮುರಿದ ಬಿದಿರಿನ ಬಾಯಿಂದ ಟಾರಿನ ಮೇಲೆ ಒಂದು ಬೊಗಸೆ ಹುಡಿ ಚೆಲ್ಲಿತ್ತು, ಅದರೊಳಗೆ ಅಕ್ಕಿಯ ನುಚ್ಚಿನಂಥ ಬಿಳಿ ಮರಿಹುಳುಗಳು ಮಿಸುಕಾಡುತ್ತಿದ್ದವು. ಬೇರೆಯವರು ಬರುವ ಮೊದಲು ನಾನು ಅದನ್ನು ಬೂಟಿನಿಂದ ತಿಕ್ಕಿದೆ. ಹುಳುಗಳು ಅಡಿಗೆ ಅಂಟಿ ನುಗ್ಗಾದದ್ದು ಕಾಲಿಗೆ ತಿಳಿಯಿತು. ಅಷ್ಟಾದ ಮೇಲೆ ಗೆಳೆಯನ ಬಳಿ ಹೋದೆ.

ಕಂಡಕ್ಟರ್ ಇಳಿದು ಬಂದವನು ಸೈಕಲ್ ನೋಡಿ ಬೈಗುಳ ಶುರುಮಾಡಿದ. "ಬಿದಿರಿಂದು ಸೈಕಲ್ಲಾ? ಬಿದಿರು ಚಟ್ಟಕ್ಕೆ ಕಟ್ತ್ರು ಮಾರಾಯ್ರೆ! ಇವತ್ತು ಎರಡೂ ಒಂದೇ ಆಗ್ತಿತ್ತು!" ಅಷ್ಟರಲ್ಲಿ ನಮ್ಮ ವ್ಯಾಪಾರಿ ಬಂದು ತಲುಪಿದರು. ಅವರು ಮೊದಲು ಹೇಳಿದ್ದು, "ಅಯ್ಯಯ್ಯ, ಸೈಕಲ್ ಹೋತಲ್ರಿ ಸರ!" ಅವರನ್ನು ದೂರುವ ಬಾಯಿ ನನಗಿಲ್ಲ.

ಗೆಳೆಯನ ಬಲಗೈ ಎರಡು ಕಡೆ ಮುರಿದಿತ್ತು, ಭುಜದ ಚರ್ಮ ಕಿತ್ತು ಹೋಗಿತ್ತು. ಶಿರಸಿಯ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಮಲಗಿಸಿದ್ದರು. ನಾನು ಹೋದ ಕೂಡಲೇ ಎಡಗೈಯಿಂದ ನನ್ನ ಕೈ ಹಿಡಿದುಕೊಂಡ.

"ಬೇಜಾರು ಮಾಡ್ಕಳಡ ಮಾರಾಯಾ. ಆನು ತಿರುವಲ್ಲಿ ಬ್ರೇಕ್ ಜೋರು ಹಿಡದಿ ಕಾಣ್ತು. ಜಿಲ್ಲೆಗೊಂದೇ ಇತ್ತು ಅದು. ಯನ್ನಿಂದ ಹಾಳಾತು."

ಅವನ ಕಣ್ಣಲ್ಲಿ ನೀರು ಬಂದಿತ್ತು. ನಾನು "ಅಡ್ಡಿಲ್ಲೆ" ಎಂದೆ. ಅವನನ್ನು ಕ್ಷಮಿಸಿದೆ! ಹೊರಗೆ ಬಂದು ಆಸ್ಪತ್ರೆಯ ನಲ್ಲಿಯ ಬಳಿ ಬೂಟಿನ ಅಡಿಯನ್ನು ತಿಕ್ಕಿ ತೊಳೆದೆ.

ಅವನ ಸೈಕಲ್ ನನ್ನ ವರಾಂಡದಲ್ಲೇ ಉಳಿದಿತ್ತು. ಅದಲುಬದಲು ಆದದ್ದು ವಾಪಸು ಆಗಿರಲಿಲ್ಲ. ಬೆಳಿಗ್ಗೆ ಎದ್ದರೆ ಅದೇ ಜಾಗದಲ್ಲಿ ಅದು, ಅದರ ಕೆಳಗಿನ ನೆಲ ಚೊಕ್ಕ. ಮೂರು ವಾರ ನೋಡಿದೆ. ನಾಲ್ಕನೆಯ ವಾರ ಪಿಕಪ್ ಗಾಡಿಯಲ್ಲಿ ಹಾಕಿಸಿಕೊಂಡು ಸಿದ್ದಾಪುರಕ್ಕೆ ಹೋದೆ. ಕೈಚೀಲದಲ್ಲಿ ಮುರಿದ ಬಿದಿರಿನ ತುಂಡು ಇತ್ತು.

ಬಾಗಿಲು ತೆಗೆದವಳು ಅವನ ಹೆಂಡತಿ. "ಬನ್ನಿ ಭಾವ. ಆಸರಿಗೆ ಎಂತ ಮಾಡ್ಲಿ, ಚಾನೋ ಕಷಾಯನೋ?" ಕಷಾಯ ಎಂದೆ. ಗೆಳೆಯ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಹೊರಗೆ ಬಂದ. ತನ್ನ ಸೈಕಲ್ಲನ್ನು ನೋಡಿ ಅವನ ಮುಖ ಅರಳಿತು.

ಅವಳು ಲೋಟ ತಂದಿಟ್ಟ ಮೇಲೆ ನಾನು ಬಿದಿರಿನ ತುಂಡನ್ನು ತೆಗೆದು ನೆಲಕ್ಕೆ ಕುಟ್ಟಿದೆ. ಹುಡಿ ಸುರಿಯಿತು. ಅವಳು ಬಗ್ಗಿ ನೋಡಿದಳು.

"ಕುಟ್ಟೆ. ಇದು ಒಂದೆರಡು ದಿನದ್ದಲ್ಲ" ಎಂದಳು.

"ಯಂಗೆ ಗೊತ್ತಿತ್ತು" ಎಂದೆ.

"ಗೊತ್ತಿತ್ತು ಹೇಳ್ತ್ರಾ?" ಎಂದಳು ಅವಳು.

ಗೆಳೆಯ ಎಡಗೈಯಿಂದ ಹುಡಿಯನ್ನು ಮುಟ್ಟಿ ನೋಡಿದ. "ಯಾವಾಗಿಂದ?"

"ನೀನು ಬಿದ್ದಿದ್ದಕ್ಕಿಂತ ಮೂರು ವಾರ ಮೊದ್ಲಿಂದ."

"ಅದಕ್ಕೇ ಇಳಿಜಾರಿಗೆ ನೀನು ಅದರ ಮೇಲೆ ಕೂತಿದ್ದಿಲ್ಲೆ."

ಹೌದು ಎಂದೆ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಹೆಂಡತಿಯ ಕಡೆ ತಿರುಗಿ, "ಸೈಕಲ್ ಒಂಚೂರು ನೋಡು" ಎಂದ.

ಅವಳು ಮೆಟ್ಟಿಲಿಳಿದು ಹೋಗಿ, ನನ್ನ ಕಣ್ಣೆದುರೇ, ಒಂದೊಂದು ಬೆಸುಗೆಯ ಮೇಲೂ ಬೆರಳಾಡಿಸಿದಳು. ಎರಡೂ ಬ್ರೇಕ್ ಹಿಂಡಿದಳು. ಮುಂದಿನ ಚಕ್ರವನ್ನು ಎತ್ತಿ ನೆಲಕ್ಕೆ ಕುಕ್ಕಿದಳು. ಅವನು ಕೂತಲ್ಲಿಂದಲೇ ಒಂದೊಂದಾಗಿ ಹೇಳುತ್ತಿದ್ದ: ಸರಪಳಿ ನೋಡು, ಸೀಟಿನ ಕೆಳಗೆ ನೋಡು, ಚಕ್ರದ ನಟ್ಟು ನೋಡು. ಇಪ್ಪತ್ತು ವರ್ಷಗಳಿಂದ ಒಬ್ಬರ ಸೈಕಲ್ಲನ್ನು ಒಬ್ಬರು ಕಣ್ಣುಮುಚ್ಚಿ ಹತ್ತಿದವರು ನಾವು.

"ಎಲ್ಲ ಸರಿ ಇದ್ದು" ಎಂದಳು ಅವಳು.

ಕಷಾಯವನ್ನು ಕುಡಿಯದೆ ನಾನು ಎದ್ದೆ. ಅವನು ನನ್ನನ್ನು ನೋಡಲಿಲ್ಲ.

"ನಟ್ಟು ಇನ್ನೊಂದ್ಸಲ ನೋಡು" ಎಂದ ಹೆಂಡತಿಗೆ.