ತಗಡಿನ ಗ್ರಹದ ಸರ್ವಾಧಿಕಾರಿ

ಓದದೆ ಸಹಿ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಪಾಳಿಯ ಮೇಲ್ವಿಚಾರಕನಾಗಿ ನಿವೃತ್ತನಾದವನು ನಾನು. ಹಿಂದಿನ ಪಾಳಿಯವರು ಲಾಗ್ ಬುಕ್ಕಿನಲ್ಲಿ ಬರೆದಿಟ್ಟದ್ದನ್ನು ಓದಿ, ಕೆಂಪು ಶಾಯಿಯಲ್ಲಿ ಸಹಿ ಹಾಕಿದ ಮೇಲೆಯೇ ನಮ್ಮ ಕೆಲಸ ಶುರು. ಓದದೆ ಸಹಿ ಮಾಡಿದ ಇಬ್ಬರನ್ನು ಎಲ್ಲರೆದುರು ನಿಲ್ಲಿಸಿ ಬೈದಿದ್ದೇನೆ. ಅಂಥ ನಾನು, ಶಿವಮೊಗ್ಗದ ವಿದ್ಯಾನಗರದ ನನ್ನದೇ ಮನೆಯಲ್ಲಿ ಕುಳಿತು, ನನ್ನನ್ನೇ ಗೇಲಿ ಮಾಡಿದ ಬರಹದ ಕೆಳಗೆ ‘ಗುಡ್’ ಎಂದು ಬರೆದು ಸಹಿ ಹಾಕಿದೆ.

ಆದದ್ದು ಹೀಗೆ. ಮಗನ ಮಗಳು ದ್ವಿತೀಯ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾದಳು. ಮಗನಿಗೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. “ಇನ್ನೊಂದ್ಸಲ ಬರೀಲಿ. ಅದ್ರಲ್ಲೂ ಹೋದ್ರೆ ಅಂಗಡೀಲಿ ಬಿಲ್ ಬರ್ಕೊಂಡಿರ್ಲಿ” ಎಂದ. ಹುಡುಗಿಗೆ ಡಿಗ್ರಿ ಓದುವ ಆಸೆ. ಅವಳನ್ನು ಪಾಸು ಮಾಡಿಸುವುದು ನನ್ನ ಜವಾಬ್ದಾರಿ ಎಂದು ಹೇಳಿ ಶಿವಮೊಗ್ಗಕ್ಕೆ ಕರೆತಂದೆ.

ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಐದಕ್ಕೆ ಏಳುವುದು. ಐದೂವರೆಗೆ ನಿಘಂಟಿನಿಂದ ಹತ್ತು ಪದ, ಒಂದೊಂದೂ ಹತ್ತು ಸಲ. ಆರೂವರೆಗೆ ನೋಟ್ ಬುಕ್ ನನ್ನ ಮೇಜಿನ ಮೇಲಿರಬೇಕು. ಒಂದು ವಾರ ಕಳೆದ ಮೇಲೆ ಕೇಳಿದರೆ ಮೊದಲ ದಿನದ ಹತ್ತು ಪದಗಳಲ್ಲಿ ಒಂದೂ ಅವಳ ನೆನಪಿನಲ್ಲಿರಲಿಲ್ಲ. ಹತ್ತು ಸಲ ಸಾಲದೆಂದು ಇಪ್ಪತ್ತು ಮಾಡಿದೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹೆಣ್ಣುಮಗಳು ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಸಂಜೆ ಒಂದು ಗಂಟೆ ಹೇಳಿಕೊಡುತ್ತೇನೆ ಎಂದು ತಾನಾಗಿಯೇ ಮುಂದೆ ಬಂದಳು. ಆಮೇಲೆ ಮಹಡಿಯಿಂದ ಪಾಠ ಕೇಳಿಸಲಿಲ್ಲ, ಬರೀ ನಗು ಕೇಳಿಸಿತು. ಹತ್ತಿ ನೋಡಿದರೆ ಫೋನಿನಲ್ಲಿ ಯಾವುದೋ ಹಳೆಯ ವಿದೇಶಿ ಸಿನಿಮಾ. ಇಡ್ಲಿ ಪಾತ್ರೆಯಂಥ ಆಕಾಶನೌಕೆ. ಅದರಿಂದ ಮುಖಕ್ಕೆ ಹಸಿರು ಬಳಿದುಕೊಂಡ ನಾಲ್ಕು ಜನ ಇಳಿಯುತ್ತಿದ್ದರು. ಪಕ್ಕದಲ್ಲಿ, ಅದೇ ಸಿನಿಮಾವನ್ನು ಯಾರೋ ತಮಾಷೆಯಾಗಿ ಹಳಿದು ಬರೆದ ವಿಮರ್ಶೆಯ ಪ್ರಿಂಟು.

“ಇದೇನಮ್ಮ ಪಾಠ?”

“ಅಂಕಲ್, ಸಿನಿಮಾ ಎಷ್ಟು ಕೆಟ್ಟದಾಗಿರುತ್ತೋ ವಿಮರ್ಶೆ ಅಷ್ಟು ಚೆನ್ನಾಗಿರುತ್ತೆ. ಬೈಯೋಕೆ ಪದ ಬೇಕಲ್ಲ?” ಎಂದಳು ಉಪನ್ಯಾಸಕಿ.

“ಪರೀಕ್ಷೇಲಿ ಹಸಿರು ಮುಖದವ್ರ ಬಗ್ಗೆ ಕೇಳ್ತಾರಾ?”

ಮೊಮ್ಮಗಳು ತಲೆಯೆತ್ತಲಿಲ್ಲ. “ಕೇಳಲ್ಲ ಅಜ್ಜ. ನಿಮ್ ನಿಘಂಟಿನ ಮೊದಲ್ನೇ ಪುಟದಲ್ಲಿ ಇರುವೆ ತಿನ್ನೋ ಪ್ರಾಣಿ ಇದ್ಯಲ್ಲ, ಅದನ್ನೂ ಕೇಳಲ್ಲ.”

ಮಾತು ಬೆಳೆಸದೆ ಕೆಳಗಿಳಿದೆ. ಸಂಜೆ ಏನಾದರೂ ಮಾಡಿಕೊಳ್ಳಲಿ, ಬೆಳಗಿನ ಪಾಳಿ ನನ್ನದು ಎಂದುಕೊಂಡೆ.

ಅಲ್ಲಿಂದ ಮುಂದೆ ನೋಟ್ ಬುಕ್ಕಿನಲ್ಲಿ ಪದಗಳ ಬದಲು ವಾಕ್ಯಗಳು ಬರತೊಡಗಿದವು. ಪದಗಳನ್ನು ವಾಕ್ಯದಲ್ಲಿ ಬಳಸುತ್ತಿದ್ದಾಳೆ ಎಂದು ತಿಳಿದೆ. ಪುಟ ತುಂಬಿದೆಯೇ, ಅಂಚು ಬಿಟ್ಟಿದ್ದಾಳೆಯೇ, ಚಿತ್ತಿಲ್ಲದೆ ಬರೆದಿದ್ದಾಳೆಯೇ, ಇಷ್ಟು ನೋಡಿ ಸಹಿ ಹಾಕುತ್ತಿದ್ದೆ. ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ನನ್ನ ಇಂಗ್ಲಿಷ್ ಲಾಗ್ ಬುಕ್ಕಿನ ಇಂಗ್ಲಿಷ್. ಪಂಪ್ ಚೆಕ್ಡ್, ಬೇರಿಂಗ್ ಚೇಂಜ್ಡ್. ಅಲ್ಲಿ ಗುಣವಾಚಕಗಳಿಗೆ ಕೆಲಸವಿಲ್ಲ. ಅವಳ ವಾಕ್ಯಗಳು ನನಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ತಿಳಿಯುವುದಿಲ್ಲ ಎಂದು ಮೊಮ್ಮಗಳೆದುರು ಒಪ್ಪಿಕೊಳ್ಳಲು ನಾನು ಸಿದ್ಧನಿರಲಿಲ್ಲ.

ಒಂದು ಬೆಳಿಗ್ಗೆ ಉಪನ್ಯಾಸಕಿ ಗೇಟಿನ ಹತ್ತಿರ ನಿಂತು ಕೈಮುಗಿದಳು. “ಅಂಕಲ್, ನಿಮ್ದು ದೊಡ್ಡ ಮನಸ್ಸು. ಅದನ್ನ ಓದಿ ‘ಗುಡ್’ ಅಂತ ಬರ್ದಿದೀರಲ್ಲ! ನಮ್ಮಪ್ಪ ಆಗಿದ್ರೆ ಬೆನ್ನು ಮುರೀತಿದ್ರು.”

ನಾನು ಗಂಭೀರವಾಗಿ ತಲೆಯಾಡಿಸಿ ಒಳಗೆ ಬಂದೆ. ಮೊಮ್ಮಗಳು ಸ್ನಾನಕ್ಕೆ ಹೋಗಿದ್ದಳು. ನೋಟ್ ಬುಕ್ಕನ್ನೂ ನಿಘಂಟನ್ನೂ ಮುಂದಿಟ್ಟುಕೊಂಡು ಕುಳಿತೆ.

ಅದು ಯಾರೂ ತೆಗೆಯದ ಒಂದು ಸಿನಿಮಾದ ವಿಮರ್ಶೆ. ತಗಡಿನ ಗ್ರಹವೊಂದರಲ್ಲಿ ಒಬ್ಬ ಮುದಿ ಸರ್ವಾಧಿಕಾರಿ. ಸೂರ್ಯ ಅವನ ಸೈರನ್ ಕೇಳಿ ಹುಟ್ಟುತ್ತಾನೆ. ಎರಡು ನಿಮಿಷ ತಡವಾದರೆ ಕಾರಣ ಬರೆದುಕೊಡಬೇಕು. ಪ್ರಜೆಗಳು ನಕ್ಕರೆ ಎಷ್ಟು ಸಲ ನಕ್ಕರೆಂದು ಪುಸ್ತಕದಲ್ಲಿ ಬರೆಯಬೇಕು. ಭೂಮಿಯಿಂದ ಬಂದವರು ಅವನಿಗೆ ಶರಣಾಗತಿಯ ಪತ್ರ ಕೊಟ್ಟರೆ ಅಕ್ಷರ ದುಂಡಗಿಲ್ಲವೆಂದು ವಾಪಸು ಕಳಿಸುತ್ತಾನೆ. ಇಷ್ಟನ್ನು ತಿಳಿಯಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ‘ಟೈರಂಟ್’ ಎಂದರೆ ಪ್ರಜಾಪೀಡಕ. ‘ಪಾಂಪಸ್’ ಎಂದರೆ ಇಲ್ಲದ ದೊಡ್ಡಸ್ತಿಕೆ ಮೆರೆಯುವವನು. ‘ಆಬ್ಸಲೀಟ್’ ಮಾತ್ರ ನನಗೆ ಮೊದಲೇ ಗೊತ್ತಿತ್ತು: ಗುಜರಿಗೆ ಹಾಕುವ ಯಂತ್ರಗಳ ಮೇಲೆ ಅದನ್ನು ಸೀಮೆಸುಣ್ಣದಲ್ಲಿ ನಾನೇ ಬರೆಸುತ್ತಿದ್ದೆ. ಕೆಳಗೆ ನನ್ನ ಕೆಂಪು ಸಹಿ, ತಾರೀಖಿನ ಸಮೇತ.

ಮನೆ ನಡುಗುವ ಹಾಗೆ ಕೂಗಾಡಿದೆ. “ಗಂಟುಮೂಟೆ ಕಟ್ಟು. ಹೋಗಿ ನಿಮ್ಮಪ್ಪನ ಅಂಗಡೀಲಿ ಕೂತ್ಕೋ!”

ಅವಳು ಅಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಚೀಲ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟುಹೋದಳು. ನೋಟ್ ಬುಕ್ ಮೇಜಿನ ಮೇಲೆಯೇ ಉಳಿಯಿತು. ಹೆಂಡತಿ ತಿಂಡಿ ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು. “ಹುಡುಗಿ ಬರ್ದಿದ್ರಲ್ಲಿ ಸುಳ್ಳು ಯಾವ್ದು, ಅದನ್ನ ಹೇಳಿ.”

ಸಂಜೆ ಮಗ ಫೋನ್ ಮಾಡಿದ. ದನಿಯಲ್ಲಿ ಬೇಸರವಿರಲಿಲ್ಲ. “ಒಳ್ಳೇದೇ ಆಯ್ತು ಬಿಡಪ್ಪ. ಅವಳ ತಲೆಗೆ ಇಂಗ್ಲಿಷ್ ಹತ್ತಲ್ಲ. ಪರೀಕ್ಷೆ ಗಿರೀಕ್ಷೆ ಏನೂ ಬೇಡ. ನಾಳೆಯಿಂದ ಬಿಲ್ ಬರೀತಾಳೆ.”

ಪರೀಕ್ಷೆಗೆ ಹನ್ನೆರಡು ದಿನವಿತ್ತು. ತಲೆಗೆ ಹತ್ತಲ್ಲವಂತೆ! ಇಡೀ ರಾತ್ರಿ ಆ ಮಾತು ಕಿವಿಯಲ್ಲಿ ಕೊರೆಯಿತು. ಬೆಳಿಗ್ಗೆ ಮೊದಲ ಬಸ್ಸಿಗೇ ಭದ್ರಾವತಿಗೆ ಹೊರಟೆ. ಕಂಕುಳಲ್ಲಿ ಅವಳ ನೋಟ್ ಬುಕ್ಕಿತ್ತು.

ಅಂಗಡಿ ಆಗಷ್ಟೇ ತೆರೆದಿತ್ತು. ಮೊಮ್ಮಗಳು ಬಿಲ್ ಪುಸ್ತಕದ ಮುಂದೆ ಕುಳಿತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ಪಂಪಿನ ವಾಷರಿಗೆ ಬಂದಿದ್ದ ರೈತರೊಬ್ಬರು ಕಟ್ಟೆಯ ಮೇಲೆ ಕಾಯುತ್ತಿದ್ದರು. ನಾನು ನಿಂತುಕೊಂಡೇ ನೋಟ್ ಬುಕ್ ಬಿಚ್ಚಿ ಮಗನಿಗೆ ಗಟ್ಟಿಯಾಗಿ ಓದಿದೆ. ಇಂಗ್ಲಿಷಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಅದರ ಅರ್ಥ. ಸೈರನ್, ಸೂರ್ಯ, ನಗುವಿನ ಲೆಕ್ಕ, ಶರಣಾಗತಿಯ ಪತ್ರ, ಯಾವುದನ್ನೂ ಬಿಡಲಿಲ್ಲ.

ರೈತರು ತೊಡೆ ತಟ್ಟಿಕೊಂಡರು. “ಯಾವನೋ ಮಾರಾಯ ಆ ಮುದುಕ! ನಮ್ಮಾವನ ತರಾನೇ ಇದಾನೆ.”

ಮಗ ಬಿದ್ದು ಬಿದ್ದು ನಕ್ಕ. “ಅಪ್ಪ, ಇದು ನೀನೇ.”

“ಹೌದು, ನಾನೇ. ತಲೆಗೆ ಹತ್ತದವಳು ಬರ್ದಿದ್ದಾ ಇದು? ಹೇಳೋ! ಒಂದು ಪುಟಕ್ಕೆ ನಾನು ಹನ್ನೊಂದ್ಸಲ ನಿಘಂಟು ತೆಗ್ದಿದೀನಿ. ಇವಳು ಪರೀಕ್ಷೆ ಬರೀದೆ ಇಲ್ಲಿ ವಾಷರ್ ಎಣಿಸ್ಬೇಕಾ?”

ಮಗನ ನಗು ನಿಂತಿತು. ರೈತರಿಗೆ ವಾಷರ್ ಕಟ್ಟಿಕೊಟ್ಟು, ಮಗಳ ಮುಂದಿನಿಂದ ಬಿಲ್ ಪುಸ್ತಕವನ್ನು ತನ್ನತ್ತ ಎಳೆದುಕೊಂಡ. “ಕರ್ಕೊಂಡ್ ಹೋಗು” ಎಂದ. ಆಮೇಲೆ ನನ್ನ ಮುಖ ನೋಡದೆ ಹೇಳಿದ: “ಇದನ್ನೇ ನಿಂಗೆ ಹೇಳ್ಬೇಕು ಅಂತ ನಂಗೂ ಇತ್ತಪ್ಪ, ಅವಳ ವಯಸ್ಸಲ್ಲಿ. ನಂಗೆ ಪದ ಸಿಗ್ಲಿಲ್ಲ.”

ನಾನು ನೋಟ್ ಬುಕ್ ಮುಚ್ಚಿ ಕಂಕುಳಿಗೆ ಸೇರಿಸಿದೆ. ನಲವತ್ತೈದು ದಾಟಿದ ಮಗ, ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಗಿರಾಕಿಯ ಎದುರು ಆಡಿಬಿಟ್ಟ. ಆ ಸಿಟ್ಟು ನನಗೆ ಬೇರೆ.

ಮೊಮ್ಮಗಳು ಪರೀಕ್ಷೆ ಬರೆದಳು, ಪಾಸಾದಳು. ಪರೀಕ್ಷೆಯವರೆಗೆ ಪಾಠವೆಲ್ಲ ಮಹಡಿಯಲ್ಲೇ ನಡೆಯಿತು. ನಾನು ಹತ್ತಿ ಹೋಗಲಿಲ್ಲ.

ಅಂದು ಭದ್ರಾವತಿಯಿಂದ ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಿದ್ದಳು. ಅರ್ಧ ದಾರಿಯಲ್ಲಿ ನಾನೇ ನೋಟ್ ಬುಕ್ ಬಿಚ್ಚಿ ಒಂದು ಪದದ ಮೇಲೆ ಬೆರಳಿಟ್ಟೆ. “ಇದು ನಿಘಂಟಲ್ಲಿ ಇಲ್ಲ. ಏನರ್ಥ?”

ಅವಳು ಓದಿ ಕಿಟಕಿಯ ಕಡೆ ತಿರುಗಿದಳು. “ಬೇಡ ಅಜ್ಜ. ನಿಮ್ಗೆ ಸಿಟ್ಟು ಬರುತ್ತೆ.”

“ಬಂದೇ ಇದೆ. ಹೇಳು.”

ಹೇಳಿದಳು. ಇನ್ನಷ್ಟು ಬಂತು.